ಎಡಕ್ಕೆ ಬಾಲವಿದ್ದ ಗುರುತು

ದೊಡ್ಡಮ್ಮ ಕೊಟ್ಟ ದೂರಿಗೆ ಉತ್ತರ ಬರೆದವನು ಅವಳಿಗೆ ಹೂಡಿಕೆ ಯೋಜನೆಯನ್ನು ಮಾರಿದ ಹಣಕಾಸು ಕಂಪನಿಯ ಮ್ಯಾನೇಜರನೇ. 'ನೀವು ಓದಿ, ತಿಳಿದು, ಸಹಿ ಮಾಡಿದ್ದೀರಿ.' ಅಷ್ಟೇ ಉತ್ತರ.

ಮನೆ ಅಡವಿಟ್ಟು, ಬಂದ ಹಣವನ್ನು ಕಂಪನಿಯ ನಿಧಿಗೆ ಹಾಕಿದರೆ ಅದರ ಲಾಭದಲ್ಲೇ ಸಾಲ ತೀರುತ್ತದೆ ಎಂದು ಅವನು ನಂಬಿಸಿದ್ದ. ನಿಧಿ ಮುಳುಗಿತು, ಸಾಲ ಉಳಿಯಿತು. ದೊಡ್ಡಮ್ಮನ ಹೊಲಿಗೆ ಯಂತ್ರವಿದ್ದ ಕೋಣೆಯೂ ಸೇರಿ ಮನೆ ತಿಂಗಳ ಕೊನೆಗೆ ಹರಾಜಿಗೆ ಬರಲಿತ್ತು.

ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ತಂಗಿಯ ಮಗಳನ್ನು ಸಾಕಿದ್ದು ಆ ದೊಡ್ಡಮ್ಮನೇ. ಉತ್ತರ ಬಂದ ವಾರವೇ ಆ ಹುಡುಗಿ ಮ್ಯಾನೇಜರನ ಕಚೇರಿಯಲ್ಲೇ ಟೀ ಕೊಡುವ, ಕಡತ ಹೊರುವ ಕೆಲಸಕ್ಕೆ ಸೇರಿದಳು. ಸಂಬಂಧ ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರ್ ಅವಳಿಗೆ ಮೌನಿ ಎಂದು ಹೆಸರಿಟ್ಟ. "ಟೀ ಕೊಡೋಕೆ ಬಾಯಿ ಯಾಕೆ ಬೇಕು, ಬಿಡು," ಎಂದು ನಗುತ್ತಿದ್ದ.

ಬಾಯಿ ಬೇಡ, ಕಣ್ಣು ಸಾಕಿತ್ತು. ಗಿರಾಕಿಗಳಿಂದ ಖಾಲಿ ಅರ್ಜಿಗೆ ಸಹಿ ಹಾಕಿಸಿ, ಅವರು ಮೆಟ್ಟಿಲಿಳಿದ ಮೇಲೆ ಅವನು ತಾನೇ ಪ್ರಶ್ನೆಗಳ ಮುಂದೆ ಟಿಕ್ ಗುರುತು ಹಾಕುತ್ತಿದ್ದ. 'ನಷ್ಟವಾದರೆ ತಡೆದುಕೊಳ್ಳಬಲ್ಲಿರಾ?' ಎಂಬಲ್ಲಿ 'ಹೌದು.' ಅವನು ಎಡಚ. ಅವನು ಹಾಕುವ ಗುರುತಿನ ಉದ್ದ ಬಾಲ ಎಲ್ಲರಂತೆ ಬಲಕ್ಕಲ್ಲ, ಎಡಕ್ಕೆ ಏರುತ್ತಿತ್ತು.

ತಿರಸ್ಕರಿಸಿದ ದೂರುಗಳ ಕಡತಗಳಲ್ಲಿ ಅಂಥ ಒಂಬತ್ತು ಅರ್ಜಿ ಸಿಕ್ಕವು. ಅವಳು ಹಲ್ಲು ಕಚ್ಚಿಕೊಂಡು ಕಾದಳು. ತಪಾಸಣೆಗೆಂದು ಮೇಲಿನ ಕಚೇರಿಯಿಂದ ಮೇಡಂ ಬಂದ ದಿನ, ಟೀ ತಟ್ಟೆಯ ಪಕ್ಕ ಒಂಬತ್ತನ್ನೂ ಸಾಲಾಗಿ ಹರಡಿದಳು.

"ಮೇಡಂ, ಎಲ್ಲರ ಗುರುತೂ ಒಂದೇ ಕೈಯದು. ಮೊದಲನೇದು ನಮ್ಮ ದೊಡ್ಡಮ್ಮಂದು."

ಮೇಡಂ ಒಂದೊಂದಾಗಿ ನೋಡಿದರು. "ಇಷ್ಟು ನೋಡಿ ಒಬ್ಬರನ್ನ ಕಳ್ಳ ಅನ್ನೋಕಾಗಲ್ಲಮ್ಮ. ಅವರ ಮಾತೂ ಕೇಳಬೇಕು. ಕರಿ."

ಮ್ಯಾನೇಜರ್ ನಗುತ್ತಲೇ ಬಂದ. "ಎಲ್ಲ ಗಿರಾಕಿಗಳೇ ತುಂಬಿದ್ದು ಮೇಡಂ. ನಾನು ಪೆನ್ನೂ ಮುಟ್ಟಿಲ್ಲ."

ಅವಳು ಕೆಳಗೆ 'ಓದಿ ತಿಳಿದಿದ್ದೇನೆ' ಎಂದು ಅಚ್ಚಾಗಿದ್ದ, ಹೇಳಿಕೆ ಬರೆಯುವ ಖಾಲಿ ಹಾಳೆಯನ್ನು ಅವನ ಮುಂದಿಟ್ಟಳು. "ಸಹಿ ಮಾಡಿ ಸರ್. ಉಳಿದಿದ್ದು ನಾವು ತುಂಬ್ಕೋತೀವಿ."

"ತಲೆ ಕೆಟ್ಟಿದ್ಯಾ ನಿಂಗೆ? ಖಾಲಿ ಹಾಳೆಗೆ ಯಾರಾದ್ರೂ ಸಹಿ ಮಾಡ್ತಾರಾ?"

"ನಮ್ಮ ದೊಡ್ಡಮ್ಮ ಮಾಡಿದ್ಲು. 'ಉಳಿದಿದ್ದು ನಾವು ತುಂಬ್ಕೋತೀವಿ' ಅಂತ ನೀವೂ ಅಂದಿದ್ರಿ."

ಅವನ ನಗು ಅರ್ಧಕ್ಕೆ ನಿಂತಿತು. ಮೇಡಂ ಆ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಅವನು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದು, ಗಟ್ಟಿಯಾಗಿ ಓದಿದರು. "ಸರಿ ಇದ್ಯಾ? ಇದ್ರೆ 'ಓದಿ ತಿಳಿದಿದ್ದೇನೆ' ಅನ್ನೋ ಕಡೆ ಗುರುತು ಹಾಕಿ, ಸಹಿ ಮಾಡಿ."

ಈ ಇಕ್ಕಟ್ಟಿನಿಂದ ಬಿಡಿಸಿಕೊಂಡರೆ ಸಾಕೆಂದು ಅವನು ಪೆನ್ನೆತ್ತಿಕೊಂಡ. ಎಡಗೈಯಲ್ಲಿ. ಒಂದೇ ಎಳೆತ. ಬಾಲ ಎಡಕ್ಕೇರಿತು.

ಅವಳು ಆ ಹಾಳೆಯನ್ನು ದೊಡ್ಡಮ್ಮನ ಅರ್ಜಿಗೆ ಅಂಚಿಗಂಚು ತಾಗಿಸಿ ಇಟ್ಟಳು. ಅವನೂ ನೋಡಿದ. ಮೇಡಂ ಕನ್ನಡಕ ಸರಿಪಡಿಸಿಕೊಂಡು ಎರಡರ ಮೇಲೂ ಬೆರಳಾಡಿಸಿದರು. "ಒಂಬತ್ತು ದೂರೂ ಮತ್ತೆ ತೆರೀಬೇಕು. ಬೇರೆಯವರು ನೋಡ್ತಾರೆ, ನೀವಲ್ಲ. ಅಲ್ಲೀವರೆಗೆ ಯಾವ ಮನೆಯೂ ಹರಾಜಾಗಲ್ಲ. ನಿಮ್ಮ ಬೀಗದ ಕೈಗೊಂಚಲು ಇಲ್ಲಿಡಿ."

"ಮೇಡಂ, ಇದಕ್ಕೆ ನಾನೊಂದು ಉತ್ತರ..." ಅವನು ಅವಳತ್ತ ತಿರುಗಿದ. "ಮೌನಿ, ಒಂದ್ಲೋಟ ನೀರು ಕೊಡು."

ಅವಳು ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಎದುರಿಗೇ ನಿಂತು, ಮೆಲ್ಲಗೆ ಹೇಳಿದಳು:

"ನೀವು ಓದಿ, ತಿಳಿದು, ಸಹಿ ಮಾಡಿದ್ದೀರಿ ಸರ್."