ಬೆಳಗಿನ ಅರ್ಧ ಗಂಟೆ

ಟ್ರಾಮ್ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಮಂಜಿನೊಳಗಿಂದ ಅದರ ಗಂಟೆಯ ಸದ್ದಷ್ಟೇ ಕೇಳಿಸಿತು. ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಲೋಟಕ್ಕೆ ಕಾಫಿ ಬಗ್ಗಿಸತೊಡಗಿದಳು. ಸದ್ದು ಕೇಳಿಸಿದ ಮೇಲೆ ದೀಪ ಕಾಣುವುದಕ್ಕೆ ಒಂದು ಲೋಟ ತುಂಬುವಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವಳ ಕೈಗೆ ಗೊತ್ತಿತ್ತು. ಲೋಟ ತುಂಬಿತು, ಮಂಜಿನಲ್ಲಿ ಹಳದಿ ಬೆಳಕೊಂದು ಕರಗಿದಂತೆ ಹರಡಿತು, ಬಾಗಿಲು ತೆರೆಯಿತು. ಎಲ್ಲರಿಗಿಂತ ಕೊನೆಯಲ್ಲಿ, ಜಾಕೀಟಿನ ಗುಂಡಿಗಳನ್ನು ಒಂದರ ಬದಲು ಇನ್ನೊಂದಕ್ಕೆ ಹಾಕಿಕೊಂಡಿದ್ದ ಗಂಡ ಇಳಿದ.

"ಬಂದ್ರಾ?"

"ಹೂಂ. ಬಂದೆ ಅನ್ಸತ್ತೆ," ಎಂದ ಅವನು ಬೆಂಚಿನ ಮೇಲೆ ಕೂರುತ್ತ.

ಸಮುದ್ರದಾಚೆಯ ಯಾವುದೋ ಬ್ಯಾಂಕಿನ ಕಂಪ್ಯೂಟರುಗಳನ್ನು ರಾತ್ರಿಯಿಡೀ ಕಾಯುವುದು ಅವನ ಕೆಲಸ. ಅವಳದು ವಿಮಾ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಹಗಲಿನ ಕೆಲಸ. ಅವನು ಬರುವ ಟ್ರಾಮಿಗೂ ಅವಳು ಹೋಗುವ ಟ್ರಾಮಿಗೂ ನಡುವೆ ಅರ್ಧ ಗಂಟೆ ಸಿಗುತ್ತಿತ್ತು. ಕೆಲವು ವರ್ಷಗಳಿಂದ ಅವರ ಸಂಸಾರವೆಲ್ಲ ನಡೆದದ್ದು ಆ ಅರ್ಧ ಗಂಟೆಯಲ್ಲಿ, ಆ ಬೆಂಚಿನ ಮೇಲೆ.

"ಇವತ್ತೊಂದು ಮಿಷನ್ನು ಸುಮ್‌ಸುಮ್ನೆ ಕೂಗ್ಕೊಳ್ತಿತ್ತು ಕಣೇ," ಎಂದ ಅವನು ಕಾಫಿಯ ಹಬೆಯೊಳಗೆ. "ಏನಾಗಿದೆ ಅಂತ ನೋಡಿದ್ರೆ ಏನೂ ಇಲ್ಲ. ಸ್ವಲ್ಪ ಹೊತ್ತು ನೋಡ್ತಾ ಕೂತಿದ್ದೆ. ಸುಮ್ಮನಾಯ್ತು. ಹೆದರ್ಕೊಂಡಿತ್ತೇನೋ."

ಅವಳು ನಕ್ಕಳು. ಅವನ ಬೆಳಗಿನ ಮಾತೆಲ್ಲ ಹೀಗೆಯೇ. ಯಾವುದು ಕೆಲಸದಲ್ಲಿ ನಡೆದದ್ದು, ಯಾವುದು ಟ್ರಾಮಿನಲ್ಲಿ ತೂಕಡಿಸುವಾಗ ಕಂಡದ್ದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಅವಳು ಬೇರ್ಪಡಿಸಲು ಹೋಗುತ್ತಲೂ ಇರಲಿಲ್ಲ.

"ಮತ್ತೆ," ಎಂದ ಅವನು ಲೋಟದೊಳಗೇ ನೋಡುತ್ತ. "ಮುಂದಿನ ವಾರದಿಂದ ಹಗಲು ಪಾಳಿ."

"ಏನು? ನಿಜವಾಗ್ಲೂ?" ಅವಳು ಕೂಗಿದ ರಭಸಕ್ಕೆ ತಂತಿಯ ಮೇಲಿದ್ದ ಪಾರಿವಾಳಗಳು ಎದ್ದು ಮಂಜಿನಲ್ಲಿ ಮರೆಯಾದವು. "ಇಷ್ಟು ಹೊತ್ತು ಮಿಷನ್ ಕಥೆ ಹೇಳ್ತಾ ಕೂತಿದ್ರಲ್ರೀ! ಮೊದ್ಲು ಹೇಳೋ ಮಾತು ಅದಾ, ಇದಾ?"

"ಹೇಳಿದ್ನಲ್ಲ," ಎಂದು ಅವನು ನಕ್ಕ. ಆ ನಗುವಿನಲ್ಲಿ ಏನೋ ಅರ್ಧಕ್ಕೇ ನಿಂತಂತಿತ್ತು. ನಿದ್ದೆಗಣ್ಣು, ಪಾಪ, ಎಂದುಕೊಂಡು ಅವಳು ತನ್ನ ಟ್ರಾಮ್ ಹತ್ತಿದಳು. ಅವತ್ತಿಡೀ ಆಫೀಸಿನಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ.

ಮದುವೆಯಾಗಿ ಈ ಪರದೇಶದ ಊರಿಗೆ ಬಂದ ಹೊಸತರಲ್ಲಿ ಇಬ್ಬರಿಗೂ ಹಗಲಿನ ಕೆಲಸವೇ ಇತ್ತು. ಆಮೇಲೆ ಅವನ ಕಾಂಟ್ರಾಕ್ಟು ರಾತ್ರಿಗೆ ಹೊರಳಿತು. ಇಬ್ಬರ ಕೊರಳಲ್ಲೂ ಗುರುತಿನ ಚೀಟಿ ನೇತಾಡುವುದು ಕಾಂಟ್ರಾಕ್ಟಿನವರ ಹಳದಿ ಪಟ್ಟಿಯಲ್ಲಿ. ಕಾಯಂ ನೌಕರರದು ನೀಲಿ. ಆರು ತಿಂಗಳಿಗೊಮ್ಮೆ ಇಬ್ಬರ ಹಣೆಬರಹವೂ ಹೊಸದಾಗಿ ಬರೆಯಲ್ಪಡಬೇಕು. ಹಾಗಾಗಿ ಮನೆಗೆ ಕೊಂಡದ್ದೆಲ್ಲ ಮಡಚಿಡಬಹುದಾದ ಸಾಮಾನು: ಮಡಚುವ ಮೇಜು, ಮಡಚುವ ಕುರ್ಚಿ, ಬಟ್ಟೆ ಒಣಗಿಸಲು ಮಡಚುವ ಕಂಬಿ. ಮಡಚಲಾಗದ್ದು ಮಂಚ ಒಂದೇ. ಅದೂ ಬಾಡಿಗೆ ಮನೆಯೊಂದಿಗೇ ಬಂದದ್ದು. ಅವನು ಎದ್ದುಹೋದ ಮೇಲೆ ಅವಳು ಬರುವಳು, ಅವಳು ಎದ್ದುಹೋದ ಮೇಲೆ ಅವನು. ಆ ಹಾಸಿಗೆಗೆ ತಣ್ಣಗಾಗುವುದೆಂದರೇನೆಂದೇ ಗೊತ್ತಿರಲಿಲ್ಲ. ಸಂಜೆ ಬಾಗಿಲು ತೆರೆದರೆ ಅವಳಿಗೆ ಗಂಡ ಸಿಗುತ್ತಿರಲಿಲ್ಲ, ಗಂಡನ ಗುರುತುಗಳು ಸಿಗುತ್ತಿದ್ದವು. ಬೋರಲು ಹಾಕಿದ ಲೋಟ, ಬಟ್ಟಲು ಮುಚ್ಚಿಟ್ಟ ಅರ್ಧ ಟೊಮೇಟೊ, ದಿಂಬಿನ ನಡುವಿನ ಗುಳಿ. ಆ ಗುಳಿಯಲ್ಲೇ ತಲೆಯಿಟ್ಟು ಮಲಗುವಳು.

"ನೀವಿಬ್ರೂ ಸಂಸಾರ ಮಾಡ್ತಿದ್ದೀರೋ, ಪಾಳಿ ಬದಲಾಯಿಸ್ತಿದ್ದೀರೋ?" ಎಂದು ಅವಳ ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು.

"ನಮಗೆ ಜಗಳ ಆಡೋಕೇ ಪುರುಸೊತ್ತಿಲ್ಲ ಅಕ್ಕ," ಎಂದು ಇವಳು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಸುಳ್ಳಲ್ಲ. ಆ ಅರ್ಧ ಗಂಟೆಗಾಗಿ ಅವಳು ತಲೆ ಬಾಚಿ, ಹಿಂದಿನ ದಿನದಿಂದ ಒಂದೆರಡು ನಗುವ ಸಂಗತಿಗಳನ್ನು ಆರಿಸಿ ಇಟ್ಟುಕೊಂಡಿರುತ್ತಿದ್ದಳು. ಗೊಣಗುವಂಥದ್ದನ್ನು ಟ್ರಾಮ್ ನಿಲ್ದಾಣದ ತನಕ ಯಾರು ಹೊತ್ತುಕೊಂಡು ಹೋಗುತ್ತಾರೆ?

ಹಗಲು ಪಾಳಿಯ ಮೊದಲ ಸಂಜೆ ಅವಳು ಬಾಗಿಲು ತೆರೆದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು. ಒಳಗೆ ಗಂಡ ನಿಂತಿದ್ದ. ಅವನು ಇಷ್ಟು ದೊಡ್ಡ ಆಳು ಎಂಬುದು ಅವಳಿಗೆ ಮರೆತೇಹೋಗಿತ್ತು. ಇಬ್ಬರೂ ಒಟ್ಟಿಗೆ ಒಲೆಯ ಕಡೆ ತಿರುಗಿದರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಮೊದಲ ದಿನ ತಾಗಿದಾಗ ನಕ್ಕರು. ಎರಡನೆಯ ದಿನ "ಸ್ವಲ್ಪ ಸರೀರಿ" ಎಂದಳು. ಆ ವಾರ ಕಳೆಯುವುದರೊಳಗೆ ಅವನು ಅಡುಗೆಮನೆಗೆ ಬರುವುದನ್ನೇ ಬಿಟ್ಟ.

ಅವನು ಹೋದಲ್ಲೆಲ್ಲ ದೀಪ ಆರಿಸುತ್ತಿದ್ದ. ರಾತ್ರಿಯ ಕೆಲಸದವನ ಕಣ್ಣಿಗೆ ಬೆಳಕು ಚುಚ್ಚುತ್ತಿತ್ತು. ಅವಳು ಹಿಂದೆಯೇ ಹೋಗಿ ಹಾಕುತ್ತಿದ್ದಳು. ಒಗ್ಗರಣೆ ಸೌಟು ಅವನು ತೊಳೆದಿಟ್ಟ ದಿನ ಮೂರು ಕಡೆ ಹುಡುಕಬೇಕಾಗುತ್ತಿತ್ತು. ಊಟಕ್ಕೆ ಕೂತರೆ ತಟ್ಟೆಯ ಮುಂದೆಯೇ ಅವನ ಕಣ್ಣು ಎಳೆಯುತ್ತಿತ್ತು, ಮಲಗಿದರೆ ತೆರೆದುಕೊಳ್ಳುತ್ತಿತ್ತು. ಬೆಳಕು ಹರಿಯುವಾಗ ಅವಳು ಎಚ್ಚೆತ್ತರೆ ಅವನು ಕಿಟಕಿಯ ಬಳಿ ನಿಂತು ಖಾಲಿ ಬೀದಿ ನೋಡುತ್ತಿರುವನು. ಆ ಬೂದು ಬೆಳಕಿನಲ್ಲಿ, ನಿದ್ದೆಗೂ ಎಚ್ಚರಕ್ಕೂ ನಡುವೆ, ಯಾರೋ ಅಪರಿಚಿತರ ಮನೆಗೆ ಬಂದು ಮಲಗಿಬಿಟ್ಟಿದ್ದೇನೆ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸುತ್ತಿತ್ತು.

"ಮೊಸರಿನ ಮುಚ್ಚಳ ಯಾಕ್ರೀ ತೆಗೆದಿಟ್ಟಿದ್ದೀರಿ?"

"ಲೇ, ಆಫೀಸಿನ ಕೆಲಸ ಮನೆಗೆ ತರಬೇಡ. ನನ್ನನ್ನ ಟೆಸ್ಟ್ ಮಾಡ್ತಾ ಕೂತ್ಕೋಬೇಡ."

ತಮಾಷೆಗೇ ಅಂದ ಮಾತು. ಅವಳಿಗೆ ನಗು ಬರಲಿಲ್ಲ. ಇಡೀ ದಿನ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಿ ಹುಡುಕಿ ಬಂದವಳ ಕಣ್ಣಿಗೆ ಮನೆಯಲ್ಲೂ ತಪ್ಪುಗಳೇ ಕಾಣುತ್ತಿದ್ದವು ಎಂಬುದು ನಿಜ. ನಿಜವಾದ್ದರಿಂದಲೇ ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟಳು.

ಬೆಳಗ್ಗೆ ಈಗ ಇಬ್ಬರಿಗೂ ಒಂದೇ ಟ್ರಾಮ್. ನೂಕುನುಗ್ಗಲಿನಲ್ಲಿ ಇಬ್ಬರೂ ಬೇರೆ ಬೇರೆ ಕಂಬಿ ಹಿಡಿದು ನಿಲ್ಲುತ್ತಿದ್ದರು. ಫ್ಲಾಸ್ಕ್ ಕಪಾಟಿನ ಮೇಲೆ ಹೋಗಿ ಕೂತಿತ್ತು.

ಹೀಗಿರುವಾಗ ಅವಳ ಆಫೀಸಿನಲ್ಲಿ ಹೊಸ ಮಾತು ಬಂತು. ಅದೇ ವಿಮಾ ಕಂಪನಿಗೆ ದೂರದ ಇನ್ನೊಂದು ಊರಿನಲ್ಲಿ ಕೆಲಸ, ದೀರ್ಘಾವಧಿಯ ಕಾಂಟ್ರಾಕ್ಟು. ಒಪ್ಪಿದರೆ ಅಲ್ಲಿ ಮನೆ ಮಾಡಬೇಕು, ತಿಂಗಳಿಗೊಮ್ಮೆ ಇಬ್ಬರಲ್ಲೊಬ್ಬರು ಬಂದುಹೋಗಬಹುದು. ಸೋಮವಾರ ಉತ್ತರ ಹೇಳಬೇಕು. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ, ಪ್ರತಿ ಸಂಜೆ ನಾಲಗೆಯ ತುದಿಗೆ ಬಂದದ್ದು ಸೌಟು, ದೀಪ, ಮುಚ್ಚಳಗಳ ನಡುವೆ ಎಲ್ಲೋ ಜಾರಿಬೀಳುತ್ತಿತ್ತು. ಆ ಊರಿನ ರೈಲು ನಿಲ್ದಾಣವನ್ನು ಮಾತ್ರ ಮನಸ್ಸಿನಲ್ಲಿ ಕಾಣತೊಡಗಿದ್ದಳು. ತಿಂಗಳಿಗೊಮ್ಮೆ ಇಳಿದುಬರುವ ಒಬ್ಬ ಗಂಡಸು. ಅವನಿಗಾಗಿ ತಲೆ ಬಾಚಿ ಕಾಯುವ ಒಬ್ಬಳು.

ಭಾನುವಾರ ಅವನ ಆಫೀಸಿನವರು ಮನೆಯವರನ್ನೆಲ್ಲ ಕರೆದು ಊಟ ಹಾಕಿದರು. ಗಂಡನಿಗೆ ಅಲ್ಲಿ ಗೂಬೆ ಎಂದು ಹೆಸರಿತ್ತು, ಅಲ್ಲಿನವರ ಭಾಷೆಯಲ್ಲಿ ಅದು ಬುದ್ಧಿವಂತ ಹಕ್ಕಿಯಂತೆ. ಗೂಬೆಯ ಹೆಂಡತಿ ಎಂದು ಎಲ್ಲರೂ ಅವಳ ಕೈಕುಲುಕಿದರು. ಅವನ ಮೇಲಧಿಕಾರಿ, ಕೆಂಪು ಮುಖದ ದೊಡ್ಡ ಹೆಂಗಸು, ತಟ್ಟೆ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತಳು.

"ಅಂತೂ ನಿಮ್ಮ ಗಂಡ ನಿಮಗೆ ವಾಪಸ್ ಸಿಕ್ಕರು," ಎಂದಳು. "ಹೋದ ವರ್ಷದಿಂದ ಕೇಳ್ತಾನೇ ಇದ್ದೆ, ಹಗಲಿಗೆ ಬನ್ನಿ ಅಂತ. ಬೇಡವೇ ಬೇಡ ಅಂತಿದ್ರು. ಈಗ ರಾತ್ರಿ ಪಾಳಿಯನ್ನೇ ತೆಗೆದುಹಾಕಿದ್ರಿಂದ ಪಾಪ, ಒಪ್ಪಲೇಬೇಕಾಯ್ತು."

ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಇವಳು ತಟ್ಟೆ ಪಕ್ಕಕ್ಕಿಟ್ಟು ತಲೆಯೆತ್ತಿ ನೋಡಿದಳು. ಕೋಣೆಯ ಆ ತುದಿಯಲ್ಲಿ ಗಂಡ ಯಾರದೋ ಮಾತಿಗೆ ತಲೆಯಾಡಿಸುತ್ತ, ನಿಂತಲ್ಲೇ ಕಣ್ಣು ಮುಚ್ಚಿ ಮುಚ್ಚಿ ತೆರೆಯುತ್ತಿದ್ದ. ಇವರಿಗೆ ನಾನು ಬರೀ ಅರ್ಧ ಗಂಟೆ ಸಿಕ್ಕರೆ ಸಾಕಾಗಿತ್ತು, ಎಂದುಕೊಂಡಳು. ಸೋಮವಾರ ಹೂಂ ಅಂತ ಬರೆದುಬಿಡುತ್ತೇನೆ.

ಮಧ್ಯಾಹ್ನ ಕಳೆದು ಮನೆಗೆ ಹೊರಟಾಗ ಟ್ರಾಮ್ ಖಾಲಿಯಿತ್ತು. ಅವನು ಕೂತ ಕೂಡಲೇ ನಿದ್ದೆಹೋದ. ಮೊದಲು ತಲೆ ಕಿಟಕಿಗೆ ಬಡಿಯಿತು, ಆಮೇಲೆ ತೂಗಿ ತೂಗಿ ಅವಳ ಭುಜದ ಮೇಲೆ ಬಂದು ನಿಂತಿತು. ಕೊಡವಿಬಿಡಬೇಕು ಅನ್ನಿಸಿತು, ಭುಜ ಅಲ್ಲಾಡಲಿಲ್ಲ. ತೆಳ್ಳನೆಯ ಬಿಸಿಲು ಅವನ ಕೆನ್ನೆಯ ಮೇಲೆ, ಸೀಟಿನ ಮೇಲೆ, ಅವಳ ಕೈಗಳ ಮೇಲೆ ಹಾದು ಹಾದು ಹೋಗುತ್ತಿತ್ತು. ಎಷ್ಟೋ ಹಗಲುಗಳ ಕಾಲ ಮುಚ್ಚಿದ ಪರದೆಯ ಹಿಂದೆ ಹೀಗೆ ಮಲಗಿದ್ದಾನೆ, ತಾನು ಒಮ್ಮೆಯೂ ನೋಡಲಿಲ್ಲ.

ಅವರ ನಿಲ್ದಾಣ ಬಂತು. ಅದೇ ಬೆಂಚು. ಬಾಗಿಲು ತೆರೆಯಿತು. ಅವಳು ಏಳಲಿಲ್ಲ, ಅವನನ್ನು ಎಬ್ಬಿಸಲೂ ಇಲ್ಲ. ಬಾಗಿಲು ಮುಚ್ಚಿಕೊಂಡು ಟ್ರಾಮ್ ಮುಂದೆ ಹೋಯಿತು.

ಈ ದಾರಿಯಲ್ಲಿ ಅವಳು ಅಲ್ಲಿಂದಾಚೆ ಹೋದವಳೇ ಅಲ್ಲ. ಮನೆಗಳು ಕುಳ್ಳಾದವು, ವಿರಳವಾದವು, ಬಟ್ಟೆ ಒಣಹಾಕಿದ ಹಿತ್ತಲುಗಳು ಕಂಡವು. ಕುದುರೆಯೊಂದು ಬೇಲಿಯ ಮೇಲಿಂದ ಕತ್ತು ಚಾಚಿ ಟ್ರಾಮನ್ನು ನೋಡಿತು. ಕೊನೆಗೆ ಹುಲ್ಲು ಬೆಳೆದ ಬಯಲಿನಲ್ಲಿ ಹಳಿಗಳು ಮುಗಿದವು. ಚಾಲಕಿ ತಿರುಗಿ ನೋಡಿ, ಇದೇ ಕೊನೆ, ವಾಪಸು ಹೊರಡಲು ಸ್ವಲ್ಪ ಹೊತ್ತಿದೆ, ಬೇಕಾದರೆ ಕೂತಿರಿ ಎಂದು ಹೇಳಿ ಇಳಿದುಹೋದಳು.

ಟ್ರಾಮಿನ ಸದ್ದು ನಿಂತದ್ದಕ್ಕೆ ಅವನಿಗೆ ಎಚ್ಚರವಾಯಿತು.

"ಯಾವೂರಿದು?"

"ಗೊತ್ತಿಲ್ಲ."

ಅವನು ಕಿಟಕಿಯಾಚೆ ನೋಡಿದ. ಬಯಲು, ಬಿಸಿಲು, ದೂರದಲ್ಲಿ ನೀರಿನ ಹೊಳಪು. "ಕನಸೇನೋ ಅನ್ಕೊಂಡೆ," ಎಂದ. ಆಮೇಲೆ ಅವಳ ಮುಖ ನೋಡಿದ. "ಏನಾಯ್ತು?"

"ಹೋದ ವರ್ಷದಿಂದ ಕರೀತಿದ್ರಂತೆ ಹಗಲಿಗೆ. ನೀವೇ ಬೇಡ ಅಂದ್ರಂತೆ."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ಬಂದ ಹೊಸತರಲ್ಲಿ ನೆನಪಿದ್ಯಾ ನಿಂಗೆ? ಇಬ್ರೂ ಹಗಲೇ ಇದ್ವಲ್ಲ. ಸಂಜೆ ಆಯ್ತು ಅಂದ್ರೆ ಜಗಳ. ನೀನು ಒಂದಿನ ಪೆಟ್ಟಿಗೆ ತುಂಬಿಸಿ ಬಾಗಿಲಿಗೆ ತಂದಿಟ್ಟಿದ್ದೆ."

"ಅದು... ಬರೀ ಹೆದರಿಸೋಕೆ."

"ಹೆದರಿದ್ದೆ," ಎಂದ ಅವನು. "ರಾತ್ರಿ ಪಾಳಿ ಬಂದ್ಮೇಲೆ ನೀನು ಅಲ್ಲಿ ಕಾಫಿ ಹಿಡ್ಕೊಂಡು ಕೂತಿರ್ತಿದ್ದೆ. ಮಂಜಲ್ಲಿ ಟ್ರಾಮ್ ಬಾಗಿಲು ತೆಗೆದ್ರೆ ನೀನು ಕಾಣ್ತಿದ್ದೆ. ನನಗೆ ಅಷ್ಟು ಚೆನ್ನಾಗಿದ್ದಿದ್ದು ಇನ್ನೇನೂ ಇರ್ಲಿಲ್ಲ. ಅದನ್ನ ಕಳ್ಕೊಂಡ್ಬಿಡ್ತೀನಿ ಅಂತ ಸುಮ್ಮನಿದ್ದೆ. ಈಗ ನೋಡು, ಹಾಗೇ ಆಯ್ತು."

ಅವಳಲ್ಲಿ ಊಟದ ಹೊತ್ತಿನಿಂದ, ಅಲ್ಲ, ಎಷ್ಟೋ ವಾರಗಳಿಂದ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಸಡಿಲವಾದದ್ದಕ್ಕೇ ಸಿಟ್ಟೂ ಬಂತು.

"ಬೆಂಚಿನ ಮೇಲೆ ಕೂತಿರ್ತಿದ್ಳಲ್ಲ, ಅವಳು ತಲೆ ಬಾಚ್ಕೊಂಡು ಬರ್ತಿದ್ಳು ಕಣ್ರೀ. ಮನೇಲಿರೋಳು ನಾನು."

"ಗೊತ್ತು."

"ದೀಪ ಹಾಕೋಳು, ಗೊಣಗೋಳು."

"ಗೊತ್ತು ಕಣೇ. ಆದ್ರೆ ಸಂಜೆ ಹೊತ್ತಲ್ಲಿ ನೀನು ಹೇಗಿರ್ತೀಯ ಅಂತಾನೇ ಮರೆತುಹೋಗಿತ್ತು. ದಿನಾ ಸ್ವಲ್ಪ ಸ್ವಲ್ಪ ನೋಡ್ತಾ ಇದ್ದೀನಿ."

ಆಗ ಅವಳು ದೂರದ ಊರಿನ ಕಾಂಟ್ರಾಕ್ಟಿನ ವಿಷಯ ಹೇಳಿದಳು. ನಾಳೆ ಉತ್ತರ ಕೊಡಬೇಕು, ಹೂಂ ಅನ್ನಬೇಕು ಅಂತಿದ್ದೆ, ಎಂದಳು. ಅವನು ಕೇಳಿಸಿಕೊಂಡು ಹಳಿಗಳು ಹುಲ್ಲಿನಲ್ಲಿ ಮುಳುಗುವ ಕಡೆ ನೋಡುತ್ತ ಕೂತ.

"ಒಳ್ಳೆ ಕೆಲಸಾನಾ?"

"ಒಳ್ಳೇದೇ."

"ನಿಂಗೆ ಇಷ್ಟ ಇದ್ರೆ..."

"ಆ ಮಾತು ಬೇಡ," ಎಂದಳು ಅವಳು. "ಬೇಡ ಅನ್ನಿಸಿದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ. ಕೇಳ್ತೀನೋ ಬಿಡ್ತೀನೋ ಅದು ಬೇರೆ."

"ಬೇಡ," ಎಂದ ಅವನು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹೋಗಬೇಡ."

"ಮತ್ತೆ ಜಗಳ ಆಗತ್ತೆ."

"ಆಗತ್ತೆ."

"ಹೆದರ್ತೀರಾ?"

"ಹೆದರ್ತೀನಿ. ಆದ್ರೂ ಮನೇಲೇ ಇರ್ತೀನಿ."

ಅವಳು ನಕ್ಕಳೋ ಅತ್ತಳೋ ಅವಳಿಗೇ ಸರಿಯಾಗಿ ತಿಳಿಯಲಿಲ್ಲ. "ನಾಳೆ ಆಗಲ್ಲ ಅಂತ ಬರೀತೀನಿ," ಎಂದಳು ಮೂಗು ಒರೆಸಿಕೊಳ್ಳುತ್ತ. "ನಿಮಗೋಸ್ಕರ ಅಂತ ತಿಳ್ಕೋಬೇಡಿ. ಆ ಊರಲ್ಲಿ ಚಳಿ ಜಾಸ್ತಿಯಂತೆ."

ಚಾಲಕಿ ಬಾಯಿ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿನಿಂದ ಹತ್ತಿದಳು. ಅಲ್ಲಿ ಟ್ರಾಮ್ ತಿರುಗಿಸಲು ಜಾಗವಿರಲಿಲ್ಲ. ಬಂದ ದಾರಿಯಲ್ಲೇ, ಹಿಂದಿನ ತುದಿಯನ್ನು ಮುಂದು ಮಾಡಿಕೊಂಡು ಹೋಗಬೇಕು. ಚಾಲಕಿ ಸಾಲುಗಳ ನಡುವೆ ನಡೆಯುತ್ತ ಒಂದೊಂದೇ ಸೀಟಿನ ಬೆನ್ನನ್ನು ಹಿಡಿದು ಆ ಕಡೆಯಿಂದ ಈ ಕಡೆಗೆ ಹೊರಳಿಸುತ್ತ ಬಂದಳು. ಟಕ್, ಟಕ್ ಎಂದು ಸದ್ದು ಹತ್ತಿರವಾಯಿತು. ಅವರ ಸೀಟಿಗೆ ಬಂದಾಗ ನಿಂತು ನೋಡಿದಳು. ಗಂಡ ಹೆಂಡತಿ ಇಬ್ಬರೂ ಎದ್ದು, ಕಂಬಿ ಹಿಡಿದು, ಬದಿಗೆ ಸರಿದು ನಿಂತರು. ಮರದ ಬೆನ್ನು ಹೊರಳಿ ಕೂತಿತು. ಅವನು ಹೆಂಡತಿಗೆ ದಾರಿ ಬಿಟ್ಟ, ಈಗ ಕಿಟಕಿಯ ಪಕ್ಕದ ಜಾಗ ಅವಳದಾಗಿತ್ತು. ಬಿಸಿಲು ಅಲ್ಲಿಯ ಹಲಗೆಯನ್ನು ಆಗಲೇ ಸ್ವಲ್ಪ ಬೆಚ್ಚಗೆ ಮಾಡಿತ್ತು.