ಬಿಳಿ ಗೆರೆಯ ಈಚೆ

"ನೀನು ಗೆರೆ ದಾಟಿ ಒಳಗೆ ಬರಲ್ಲ ಅಂತ ಮಾತು ಕೊಡು," ಎಂದು ಟೆಗನ್ ಕೇಳಿದಾಗ ಅವಳಿಗೆ ಒಂಬತ್ತು ವರ್ಷ. ಹಿಂದಿನ ಶನಿವಾರ ತಾಯಿ ನರೆಲ್ ಆಟದ ನಡುವೆಯೇ ನೆಟ್‌ಬಾಲ್ ಅಂಕಣಕ್ಕೆ ನುಗ್ಗಿ ಮಧುಮೇಹವಿದ್ದ ಮಗಳ ಬಾಯಿಗೆ ಜ್ಯೂಸ್ ಹಿಡಿದಿದ್ದಳು. ಸೋಮವಾರದಿಂದ ಶಾಲೆಯಲ್ಲಿ ಟೆಗನ್‌ಳನ್ನು ಎಲ್ಲರೂ 'ಪಾಪು' ಅನ್ನತೊಡಗಿದ್ದರು. "ಸಕ್ಕರೆ ಇಳಿದ್ರೆ ನಾನೇ ಕೈ ಎತ್ತುತ್ತೀನಿ. ಆಗ ಬಾ." ನರೆಲ್ ಮಾತು ಕೊಟ್ಟಳು.

ಈಗ ಹುಡುಗಿಗೆ ಹದಿಮೂರು. ಇವತ್ತು ಫೈನಲ್. ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ, ಬಟ್ಟೆಯನ್ನೂ ಬದಲಿಸದೆ ನರೆಲ್ ಮಗಳನ್ನು ಕರೆದುಕೊಂಡು ಬಂದಿದ್ದಳು. ಗೋಧಿ ಹೊಲಗಳ ಮೇಲಿಂದ ಬೀಸುತ್ತಿದ್ದ ಗಾಳಿಗೆ ಕಾರಿನ ಬಾಗಿಲು ತೆರೆಯುವುದೇ ಕಷ್ಟವಾಗಿತ್ತು.

"ಹದಿನಾರು ತೋರಿಸ್ತಿದೆ ಕಣೆ," ಎಂದಳು ನರೆಲ್, ಮಗಳ ತೋಳಿನ ಸೆನ್ಸರ್ ಕಳಿಸುವ ಸಕ್ಕರೆಯ ಅಂಕಿಯನ್ನು ಫೋನಿನಲ್ಲಿ ನೋಡಿ. ಅದು ನಾಲ್ಕರಿಂದ ಹತ್ತರೊಳಗೆ ಇರಬೇಕಿತ್ತು.

"ಫೈನಲ್ ಅಲ್ವಾಮ್ಮ, ಗಾಬರಿಗೆ ಏರಿದೆ. ಓಡೋಕೆ ಶುರು ಮಾಡಿದ್ರೆ ತಾನೇ ಇಳಿಯುತ್ತೆ. ಇದಕ್ಕೆಲ್ಲ ಇನ್ಸುಲಿನ್ ಬೇಡ ಅಂತ ನರ್ಸ್ ಹೇಳಿದ್ದು ಮರೆತುಹೋಯ್ತಾ?"

ಮರೆತಿರಲಿಲ್ಲ. ಆದರೆ ನಿದ್ದೆಗೆಟ್ಟ ಕಣ್ಣಿಗೆ ಆ ಹದಿನಾರು ದೊಡ್ಡದಾಗಿ ಕಾಣುತ್ತಿತ್ತು. "ಎರಡೇ ಎರಡು ಯೂನಿಟ್. ನನ್ನ ಸಮಾಧಾನಕ್ಕೆ."

"ಸಮಾಧಾನ ನಿನಗೆ, ಸೂಜಿ ನನ್ನ ಹೊಟ್ಟೆಗೆ," ಎಂದು ನಗುತ್ತಾ ಟೆಗನ್ ಅಂಗಿ ಎತ್ತಿದಳು.

ಅಂಪೈರ್ ಬಂದು, ಯಾರಿಗೂ ಪರಚದಂತೆ ಕತ್ತರಿಸಿದ್ದಾರೆಯೇ ಎಂದು ಎಲ್ಲರ ಉಗುರು ನೋಡಿದಳು. ಟೆಗನ್‌ಳ ತೋಳಿನ ಸೆನ್ಸರ್ ಮೇಲಿನ ಪಟ್ಟಿಯನ್ನು ಒತ್ತಿ ನೋಡಿ ತಲೆಯಾಡಿಸಿದಳು. ಆಟ ಶುರುವಾಯಿತು. ಸೆಂಟರ್ ಆಡುವ ಟೆಗನ್‌ಗೆ ಅಂಕಣದ ಉದ್ದಕ್ಕೂ ಓಟ. ಮೂರನೆಯ, ಅಂದರೆ ಕೊನೆಯ ಬಿಡುವಿನಲ್ಲಿ ಫೋನು ಏಳು ತೋರಿಸಿತು. ನರೆಲ್ ಜ್ಯೂಸ್ ಬಾಟಲಿ ಎತ್ತಿ ತೋರಿಸಿದಳು. ಮಗಳು ಬೇಡವೆಂದು ಕಣ್ಣಲ್ಲೇ ಹೇಳಿ, ಒಂದು ಹೋಳು ಕಿತ್ತಳೆ ಚೀಪಿ ಒಳಗೆ ಓಡಿದಳು.

ಪಕ್ಕದ ಫುಟ್‌ಬಾಲ್ ಮೈದಾನದ ಸುತ್ತ ನಿಂತಿದ್ದ ಕಾರುಗಳು ಗೋಲು ಬಿದ್ದಾಗಲೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ಆ ಗದ್ದಲದಲ್ಲಿ ಫೋನಿನ ಎಚ್ಚರಿಕೆ ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ನರೆಲ್ ನೋಡಿದಾಗ ಸಕ್ಕರೆ ಮೂರೂವರೆಗೆ ಇಳಿದಿತ್ತು. ಪಕ್ಕದಲ್ಲಿ, ಇನ್ನೂ ವೇಗವಾಗಿ ಇಳಿಯುತ್ತಿದೆ ಎನ್ನುವ ಕೆಳಮುಖವಾದ ಎರಡು ಬಾಣ.

"ನಿಮ್ಮ ಹುಡುಗಿ ಬೆಳಿಗ್ಗೆ ತಿಂಡಿ ತಿಂದಿಲ್ವಾ ನರೆಲ್?" ಎದುರು ತಂಡದ ಕಡೆಯ ಮುದುಕ ಕೀತ್ ಮಡಚು ಕುರ್ಚಿಯಿಂದಲೇ ಕೇಳಿದ. "ಎರಡು ಸಲ ಬಾಲ್ ನಮ್ಮವರ ಕೈಗೇ ಕೊಟ್ಟಳು. ಒಳ್ಳೆ ಮಗು. ಹೀಗೇ ಆಡು ಅನ್ನು."

ಸುತ್ತಲಿದ್ದವರು ನಕ್ಕರು.

"ಮರ್ಲೀನ್, ಅವಳನ್ನ ಹೊರಗೆ ಕರಿ," ಎಂದು ನರೆಲ್ ಕೋಚ್‌ನ ತೋಳು ಹಿಡಿದಳು.

"ಕೈ ಎತ್ತಿಲ್ವಲ್ಲ ಮಾರಾಯ್ತಿ. ಅವಳಿಗೆ ಗೊತ್ತಾಗುತ್ತೆ. ಒಂದೇ ಗೋಲು ಹಿಂದಿದ್ದೀವಿ, ಇನ್ನೇನು ಮುಗೀತು."

ನರೆಲ್ ಗೆರೆಯ ಹತ್ತಿರ ಹೋದಳು. ಅವಳ ಬೂಟಿನ ತುದಿ ಬಿಳಿ ಬಣ್ಣಕ್ಕೆ ತಾಗಿ ನಿಂತಿತು. ಬಾಲ್ ಆ ತುದಿಗೆ ಹೋಗಿತ್ತು, ಹುಡುಗಿಯರೆಲ್ಲ ಅದರ ಹಿಂದೆ. ಟೆಗನ್ ಒಬ್ಬಳೇ ನಡುವೆ ನಿಂತಿದ್ದಳು. ಗಾಳಿಗೆ ಕೂದಲು ಬಾಯಿಗೆ ಬರುತ್ತಿದ್ದರೂ ಸರಿಸುತ್ತಿರಲಿಲ್ಲ. ಬಲಗೈಯನ್ನು ಎದೆಯ ಮಟ್ಟಕ್ಕೆ ತಂದು, ಅದು ಯಾರದೋ ಎಂಬಂತೆ ನೋಡುತ್ತಿದ್ದಳು. ಆ ಕೈ ಅಲ್ಲಿಂದ ಮೇಲೇರಲಿಲ್ಲ.

ಆಚೆ ಕಾರುಗಳು ಮತ್ತೆ ಹಾರ್ನ್ ಹೊಡೆದವು.

ನರೆಲ್ ಒಳಗೆ ನಡೆದಳು. ಸೀಟಿ ಮೊಳಗಿತು. "ಹೇ, ಹೊರಗೆ, ಹೊರಗೆ," ಎಂದು ಅಂಪೈರ್ ಕೂಗಿದಳು. ಟೆಗನ್‌ಳ ಕಣ್ಣುಗಳು ತಾಯಿಯ ಕಡೆಗಿದ್ದವು, ಆದರೆ ತಾಯಿಯನ್ನು ನೋಡುತ್ತಿರಲಿಲ್ಲ.

"ನೀನು ಬರಲ್ಲ ಅಂದಿದ್ದೆ," ಎಂದಳು, ನಾಲಿಗೆ ತೊಡರುತ್ತಾ. ನಂತರ ಕುಸಿದಳು.

ನರೆಲ್ ಅವಳನ್ನು ಹಿಡಿದು ಕೆಳಗೆ ಕೂರಿಸಿದಳು, ಬಾಟಲಿಯ ಮುಚ್ಚಳ ಕಚ್ಚಿ ತೆಗೆದಳು. ಜ್ಯೂಸ್ ಮೊದಲು ಗದ್ದದ ಮೇಲೆ ಹರಿಯಿತು, ಆಮೇಲೆ ಗಂಟಲಿಗೆ ಇಳಿಯಿತು. ಹಾರ್ನ್ ನಿಂತಿತ್ತು. ಅಂಕಣದ ಸುತ್ತ ಎಲ್ಲರೂ ಅವರಿಬ್ಬರನ್ನೇ ನೋಡುತ್ತಿದ್ದರು.

ನಾಲ್ಕು ವರ್ಷ ಉಳಿಸಿಕೊಂಡಿದ್ದ ಮಾತನ್ನು ನರೆಲ್ ಮುರಿದಿದ್ದಳು.