ಶೈಲಮ್ಮನ ಹೆಜ್ಜೆಗಳು

ಮೂರನೆಯ ಸಲವೂ ವಿಭೂತಿಯ ಗೆರೆ ಮೂಡಲಿಲ್ಲ. ನಂದಾ ತೊಟ್ಟಿದ್ದ ನೀಲಿ ಗ್ಲೌಸಿಗೆ ಬೂದಿ ಅಂಟುತ್ತಿತ್ತೇ ಹೊರತು ಅತ್ತೆಯ ತಣ್ಣಗಿನ ಹಣೆಗೆ ಇಳಿಯುತ್ತಿರಲಿಲ್ಲ.

“ಗ್ಲೌಸ್ ತಗೀಬ್ಯಾಡ್ರಿ ವೈನಿ, ಫ್ಯೂನರಲ್ ಹೋಮಿನ ಆ ಮನಷ್ಯಾ ಬಾಗಲ್ದಾಗ ನಿಂತು ನೋಡಾಕತ್ಯಾನ,” ಎಂದಳು ಕೌಸಲ್ಯಾ. ಸತ್ತವಳ ಮಗಳು ಅವಳು. ಅವಳಿರುವ ಹ್ಯಾರಿಸನ್‌ನಿಂದ ಅಣ್ಣನ ಮನೆಗೆ ಮುಕ್ಕಾಲು ಗಂಟೆಯ ದಾರಿಯಾದರೂ ತಾಯಿಯ ಮುಖವನ್ನು ಏಳು ತಿಂಗಳ ಮೇಲೆ ಇವತ್ತೇ ಕಂಡಿದ್ದಳು. “ಊರಾಗಾಗಿದ್ರ ಅವ್ವನ್ನ ಕೂಡ್ರಿಸಿ ಮಣ್ಣ ಮಾಡತಿದ್ರು. ಈ ದೇಶದಾಗ ಮಲಗಿಸೇ ಕಳಸಬೇಕಂತ.”

ತಾಯಿಯ ಸೀರೆಯ ಅಂಚು ಸರಿಪಡಿಸುತ್ತಿದ್ದ ಕೌಸಲ್ಯಾಳ ಕೈ ತಟಕ್ಕನೆ ನಿಂತಿತು.

“ವೈನಿ, ಕಾಲು ನೋಡ್ರಿಲ್ಲೆ. ಒಂದು ಬಾತೈತಿ, ಇನ್ನೊಂದು ಕಡ್ಡಿ ಆಗೇತಿ. ದಿನಾ ನಾಕ್ ಸಾವಿರ ಸ್ಟೆಪ್ಸ್ ಅಂತ ಅಣ್ಣ ಗ್ರೂಪ್‌ನ್ಯಾಗ ಹಾಕತಿದ್ನಲ್ಲ. ಅಡ್ಡಾಡಿದ ಕಾಲು ಹಿಂಗಿರ್ತಾವೇನ್ರಿ?”

“ವಯಸ್ಸಾಗಿತ್ತಲ್ಲ ಕೌಸಲ್ಯಾ.”

“ಎಪ್ಪತ್ತೆರಡು ಅದೇನ್ ವಯಸ್ಸು?”

*

ಮೆಟುಚೆನ್‌ನ ಮಗನ ಮನೆಯಲ್ಲಿ ಮಧ್ಯಾಹ್ನ ಮೂರಾಯಿತೆಂದರೆ ಶೈಲಮ್ಮ ಚಪ್ಪಲಿ ಮೆಟ್ಟುತ್ತಿದ್ದಳು. ಎರಡು ಬೀದಿ ದಾಟಿದರೆ ಊರ ಕಡೆಯ ಗೆಳತಿ ಕಮಲವ್ವನ ಮನೆ. ಇಬ್ಬರೂ ಕೂತು ಊರಿನ ಸೊಸೆಯರನ್ನೆಲ್ಲ ಒಂದು ಸುತ್ತು ಆಡಿಕೊಳ್ಳುವರು. ಅದರಲ್ಲಿ ತಾನೂ ಇರುತ್ತೇನೆಂದು ನಂದಾಳಿಗೆ ಗೊತ್ತಿತ್ತು. ಆದರೂ ಸಂಜೆ ಮರಳಿ ಬರುವ ಅತ್ತೆಯ ಮುಖ ಅರಳಿರುತ್ತಿತ್ತು.

ಮಾರ್ಚ್‌ನಲ್ಲಿ ಕರೋನಾ ಬಂದಾಗ ನಂದಾಳ ಗಂಡ ವೀರೇಂದ್ರ ಅದನ್ನು ನಿಲ್ಲಿಸಿದ. ಮ್ಯಾನ್‌ಹಟನ್‌ನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಅವನು. ಲೋಕವೆಲ್ಲ ಮುಚ್ಚಿದ್ದರೂ ಅವನ ಕೆಲಸ ಮಾತ್ರ ದುಪ್ಪಟ್ಟಾಗಿ ಊಟದ ಮೇಜಿಗೇ ಬಂದು ಕೂತಿತ್ತು. ತಾಯಿಗೆ ಏನೂ ಆಗಬಾರದು, ಅವನಿಗೆ ಅಷ್ಟೇ. ಶೈಲಮ್ಮನಿಗೆ ಮಹಡಿಯ ಕೋಣೆ, ಬಾಗಿಲ ಬಳಿ ತಟ್ಟೆ, ಕೆಳಗಿನಿಂದ ವಿಡಿಯೋ ಕಾಲ್. ಕೂತಲ್ಲೇ ಕೂತರೆ ಕಷ್ಟವೆಂದು ಹೆಜ್ಜೆ ಎಣಿಸುವ ಬ್ಯಾಂಡ್ ತರಿಸಿ ಕೈಗೆ ಕಟ್ಟಿಸಿದ. ರಾತ್ರಿ ನಿದ್ದೆಯನ್ನೂ ಅದು ಅಳೆದು ಅವನ ಫೋನಿಗೆ ಕಳಿಸುತ್ತಿತ್ತು.

“ಅವ್ವಾ, ಸಂಜಿ ಆತು, ಇನ್ನೂ ಆರನೂರು ಆಗಿಲ್ಲ!”

“ಎಲ್ಲಿಗೆ ಹೋಗ್ಲೋ? ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಗೆ. ಗಾಣದ ಎತ್ತಿಗೂ ಕಡೀಕೆ ಎಣ್ಣಿ ಕಾಣಸ್ತೈತಿ.”

ಆಗಸ್ಟ್‌ನ ಒಂದು ಬೆಳಿಗ್ಗೆ ಚಹಾ ತಂದ ನಂದಾಳ ಮುಂದೆ ಅವಳು ಬ್ಯಾಂಡ್ ಬಿಚ್ಚಿ ಹಿಡಿದಳು. “ನೀ ಹೆಂಗೂ ಮ್ಯಾಲೆ ಕೆಳಗ ಸಾಯತೀದಿ. ನನ್ನ ಪಾಲಿಂದೂ ಅಡ್ಡಾಡು. ಅವನ ಬಾಯರೆ ಮುಚ್ಚತೈತಿ.”

ಇಬ್ಬರೂ ಮಾಸ್ಕಿನೊಳಗೇ ನಕ್ಕರು. ಇಪ್ಪತ್ತು ವರ್ಷಗಳಲ್ಲಿ ಅತ್ತೆ-ಸೊಸೆ ಜೊತೆಗೂಡಿ ಮಾಡಿದ ಮೊದಲ ಕಿತಾಪತಿ ಅದು. ದಿನವೂ ಬೆಳಿಗ್ಗೆ ಬ್ಯಾಂಡ್ ನಂದಾಳ ಕುರ್ತಾದ ಉದ್ದ ತೋಳಿನೊಳಗೆ ಸೇರಿತು, ರಾತ್ರಿ ಶೈಲಮ್ಮನ ಕೈಗೆ ಮರಳಿತು. ನಂದಾ ಗುಡಿಸಿದಳು, ಬಟ್ಟೆ ಮಡಚಿದಳು, ಮೆಟ್ಟಿಲು ಹತ್ತಿಳಿದಳು. ಶೈಲಮ್ಮ ಗೋಡೆಯ ಕಡೆ ಹೊರಳಿ ಮಲಗಿದಳು. ವೀರೇಂದ್ರ ಖುಷಿಯಾಗಿ ಗ್ರೂಪಿಗೆ ಗ್ರಾಫ್ ಕಳಿಸಿದ.

ಅಕ್ಟೋಬರ್‌ನಲ್ಲಿ ಎಡಗಾಲು ಬಾತುಕೊಂಡಿತು. ವಿಡಿಯೋದಲ್ಲಿ ಬಂದ ಡಾಕ್ಟರಿಗೆ ವೀರೇಂದ್ರ ಮೊದಲು ತೋರಿಸಿದ್ದೇ ಗ್ರಾಫನ್ನು. “ಎಕ್ಸಲೆಂಟ್!” ಎಂದ ಡಾಕ್ಟರು. ಇಷ್ಟು ನಡೆಯುವವರಿಗೆ ಹೆದರಿಕೆಯಿಲ್ಲ, ನಡೆದದ್ದೇ ಹೆಚ್ಚಾಗಿರಬೇಕು, ಕಾಲ ಕೆಳಗೆ ದಿಂಬಿಡಿ ಎಂದ.

ನಂದಾ ಮಂಚದ ಪಕ್ಕದಲ್ಲೇ ನಿಂತಿದ್ದಳು. ತೋಳಿನೊಳಗೆ ಬ್ಯಾಂಡ್ ಬಿಗಿಯುತ್ತಿತ್ತು. ಶೈಲಮ್ಮ ಅವಳತ್ತ ನೋಡಿ, ಹೇಳಬೇಡವೆಂಬಂತೆ ಕಣ್ಣಲ್ಲೇ ತಡೆದಳು. ನಂದಾ ಹೇಳಲಿಲ್ಲ. ಅದು ಅತ್ತೆಗಾಗಿಯೋ ಗಂಡನ ಭಯದಿಂದಲೋ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ ಆಗಿರಲಿಲ್ಲ.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಹನ್ನೊಂದು ದಿನಗಳ ಮೇಲೆ ಶ್ವಾಸಕೋಶಕ್ಕೆ ಹತ್ತಿತು.

*

ಹೊರಗೆ ಪಾರ್ಕಿಂಗ್‌ನಲ್ಲಿ ಕಮಲವ್ವ ಮಗನ ಕಾರಿನಲ್ಲೇ ಕೂತಿದ್ದಳು. ಒಳಗೆ ಹತ್ತೇ ಜನಕ್ಕೆ ಅಪ್ಪಣೆ. ನಂದಾಳನ್ನು ಕಂಡು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದಳು.

“ಫೋನ್‌ನ್ಯಾಗ ಎಷ್ಟ ನಗತಿದ್ಲು ಗೊತ್ತೇನ ಯವ್ವಾ! ‘ನನ್ನ ಕಾಲು ಸೊಸಿಗೆ ಕೊಟ್ಟು ಆರಾಮ ಮಕ್ಕೊಂಡೇನಿ’ ಅಂತಿದ್ಲು. ಮಗಳೂ ಮಾಡೂದಿಲ್ಲ ಬಿಡು ಅಷ್ಟು.”

“ಸಾವಕಾಶ ಮಾತಾಡ್ರಿ ಕಮಲವ್ವಾರ,” ಎಂದಳು ನಂದಾ. “ಇವರಿಗೆ ಗೊತ್ತಿಲ್ಲ.”

“ಇನ್ನ ಗೊತ್ತಾದರೇನು, ಸತ್ತಾಕಿನ್ನ ಏನ್ ಬೈತಾನ?”

ಒಳಗಿನಿಂದ ವೀರೇಂದ್ರ ಕರೆದ. ಶವಪೆಟ್ಟಿಗೆಯ ಪಕ್ಕದ ಗೋಡೆಯ ವಿಡಿಯೋ ಪರದೆಯಲ್ಲಿ ತೊಂಬತ್ತು ಮುಖಗಳಿದ್ದವು: ಹುಬ್ಬಳ್ಳಿ, ಗದಗ, ಟೆಕ್ಸಾಸ್. ಅವನು ಚೀಟಿಯಲ್ಲಿ ಬರೆದು ತಂದದ್ದನ್ನು ಓದುತ್ತಿದ್ದ.

“ಕರೋನಾ ಅವ್ವನ್ನ ಮುಟ್ಟಲಿಕ್ಕೆ ನಾವು ಬಿಡಲಿಲ್ಲ. ಕಡೀತನಕ ಆಕ್ಟಿವ್ ಇದ್ಲು. ನೋಡ್ರಿ, ಇದು ಕಡೀ ವಾರ.”

ಮುಖಗಳು ಸರಿದು ಏಳು ಹಸಿರು ಕಂಬಗಳು ಬಂದವು. ಕೊನೆಯದು ಉಳಿದೆಲ್ಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರವಾಗಿತ್ತು.

“ಶುಕ್ರವಾರ. ಹನ್ನೊಂದು ಸಾವಿರ…” ಎನ್ನುವಷ್ಟರಲ್ಲೇ ಅವನು ಚೀಟಿ ಮಡಚಿಬಿಟ್ಟ.

“ವಾಟ್ ಎ ಲೇಡಿ!” ಎಂದಿತು ಪರದೆಯೊಳಗಿನ ಯಾವುದೋ ದನಿ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಂದಾ ಮಲಗಿದ್ದವಳ ಕೈಯಿಂದ ಬ್ಯಾಂಡ್ ಬಿಚ್ಚಿಕೊಂಡು ಕೆಳಗಿಳಿದಿದ್ದಳು. ಕೈ ತಣ್ಣಗಿತ್ತು, ಚಳಿಗೆ ಇರಬೇಕು ಎಂದುಕೊಂಡಿದ್ದಳು. ಏಳಕ್ಕೆ ಚಹಾ ಒಯ್ದಾಗಲೇ ಅತ್ತೆಗೆ ಉಸಿರಿಲ್ಲವೆಂದು ತಿಳಿದದ್ದು. ಆಮೇಲೆ ಇಡೀ ದಿನ ಪೊಲೀಸರು, ಆಂಬುಲೆನ್ಸ್, ಫೋನುಗಳ ನಡುವೆ ಅವಳು ತೋಳಿನೊಳಗಿನ ಬ್ಯಾಂಡ್ ಮರೆತು ಮನೆಯ ತುಂಬ ಓಡಾಡಿದ್ದಳು.

ವೀರೇಂದ್ರ ಕಣ್ಣೊರೆಸಿಕೊಳ್ಳುತ್ತಿದ್ದ. ಕೌಸಲ್ಯಾಳ ತುಟಿಗಳು ಮಾತ್ರ ‘ಶುಕ್ರವಾರ’ ಎಂದು ಒಮ್ಮೆ ಅಲ್ಲಾಡಿದವು. ಅವಳು ಪರದೆಯಿಂದ ನಿಧಾನಕ್ಕೆ ತಿರುಗಿದಳು. ನಂದಾಳ ಮುಖ ನೋಡಲಿಲ್ಲ. ಕಾಲು ನೋಡಿದಳು.

ನಂದಾ ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿಕೊಳ್ಳಲಿಲ್ಲ. ಎರಡೂ ಪಾದ ಜೋಡಿಸಿಕೊಂಡು ನಿಂತೇ ಇದ್ದಳು.